ಸುಳಿ ನೊಣಕ್ಕೆ ಸಿಗದ ಜೋಳ

ಈ ಹಿಂಗಾರಿಗೆ ನನ್ನ 3 ಎಕರೆ ಎರೆ ಹೊಲದಲ್ಲಿ ಎಕರೆಗೆ 6 ಕ್ವಿಂಟಲ್ ಹತ್ತಿರ ಮಾಲ್ದಂಡಿ ಜೋಳ ಬಂತು. ಎರಡು ವರ್ಷದ ಹಿಂದೆ ಇದೇ ಹೊಲ ಎರಡೂವರೆ ದಾಟಿರಲಿಲ್ಲ. ಕಣಿಕೆಯೂ ಅರ್ಧಕ್ಕರ್ಧ. ಆಗ ನಕ್ಕವರೇ ಈಗ ಬಂದು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷ ಹುಬ್ಬಿ ಮಳೆ ಚೆನ್ನಾಗಿ ಬಿತ್ತು. ಹಸಿ ಇದೆ ಅಂತ ಸೆಪ್ಟೆಂಬರ್ ಮೊದಲ ವಾರವೇ ಕೂರಿಗೆ ಹೂಡಿದೆ. ಎರಡು ವಾರ ದಾಟುವಷ್ಟರಲ್ಲಿ ಸಾಲು ಸಾಲೇ ಸುಳಿ ಒಣಗಿತು. ಹಿಡಿದು ಎಳೆದರೆ ಸುಮ್ನೆ ಕೈಗೆ ಬರುತ್ತಿತ್ತು, ಬುಡ ಕೊಳೆತು ನಾತ. ಅಂಗಡಿಯವರು ಕೊಟ್ಟ ಔಷಧಿ ಎರಡು ಸಲ ಹೊಡೆದೆ. ಕೂಲಿ ಸೇರಿ ನಾಲ್ಕೂವರೆ ಸಾವಿರ ಹೋಯ್ತು. ಸುಳಿ ನೊಣದ ಮರಿಹುಳ ಒಳಗೆ ಹೊಕ್ಕು ಸುಳಿ ಕತ್ತರಿಸಿದ ಮೇಲೆ ಹೊರಗೆ ಹೊಡೆದು ಏನು ಬಂತು?

ಮರುವರ್ಷ ಬೀಜಕ್ಕೆ ಥಯಾಮೆಥಾಕ್ಸಾಮ್ (30 ಎಫ್‌ಎಸ್) ಅನ್ನೋ ಕೀಟನಾಶಕ ಹಚ್ಚಿದೆ, ಕೆಜಿಗೆ 10 ಮಿ.ಲೀ. ಆದರೆ ಬಿತ್ತಿದ್ದು ಮತ್ತೆ ಹುಬ್ಬಿಗೇ. ನೂರಕ್ಕೆ ಇಪ್ಪತ್ತೈದು ಸುಳಿ ಹೋಗಿರಬೇಕು. ಆಗ ದಿನಾ ಬೆಳಿಗ್ಗೆ ಮಂಜು ಆರುವ ಮುಂಚೆ ಹೊಲದಲ್ಲಿ ಕೂತು ಎಲೆ ಮಗುಚಿ ನೋಡಿದೆ. ಎಲೆಯ ಕೆಳಗೆ, ನಡುನರದ ಪಕ್ಕ ಉದ್ದಕ್ಕೆ ಮಲಗಿದ ಬಿಳಿ ಮೊಟ್ಟೆ, ಅಕ್ಕಿ ನುಚ್ಚಿಗಿಂತ ಸಣ್ಣದು, ಎಲೆಗೆ ಒಂದೊಂದೇ. ಮೊಟ್ಟೆ ಒಡೆಯೋಕೆ ಒಂದೆರಡು ದಿನ ಸಾಕು. ಮರಿ ಆ ಮಂಜಿನ ಹಸಿಯಲ್ಲೇ ಸುಳಿಗೆ ಇಳಿಯುತ್ತದೆ.

ಬೇಗ ಬಿತ್ತಿದ ಹಿಂಗಾರಿ ಜೋಳಕ್ಕೇ ಈ ನೊಣದ ಕಾಟ ಜಾಸ್ತಿ, ಅದಕ್ಕೇ ಈ ಸಲ ಉತ್ತರಿ ಮಳೆ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಕೊನೆಯವರೆಗೆ ತಡೆದೆ. ಪಕ್ಕದ ಹೊಲದ ಕಾಕಾ, ‘ತಮ್ಮಾ, ಹಸಿ ಆರಿದ ಮ್ಯಾಲೆ ಬಿತ್ತಿ ಏನ್ ಮಾಡ್ತಿ?’ ಅಂದರು. ಹೆದರಿಕೆ ನನಗೂ ಇತ್ತು. ಮಳೆ ಬಿದ್ದಾಗಲೆಲ್ಲ ಕುಂಟೆ ಹೊಡೆದು ಹಸಿ ಹಿಡಿದಿಟ್ಟೆ. ಅದರ ಬಾಡಿಗೆ ಎಕರೆಗೆ ಆರೇಳು ನೂರು ಆಗಿರಬಹುದು. ಬೀಜ ಎಕರೆಗೆ 3 ಕೆಜಿ ಬದಲು ಹತ್ತಿರ ಹತ್ತಿರ 5 ಕೆಜಿ ಬಿದ್ದಿತು, ಉಪಚಾರ ಮಾಡಿದ್ದೇ. ಹೆಚ್ಚಾದ ಸಸಿಯನ್ನು ಬೇಗ ಕೀಳಲಿಲ್ಲ. ನಾಲ್ಕನೇ ವಾರ ಕಿತ್ತೆ, ಸುಳಿ ಹೋದವನ್ನೇ ಮೊದಲು. ಕಿತ್ತದ್ದನ್ನು ಹೊಲದ ಮೂಲೆಯಲ್ಲಿ ಹೂಳಿದೆ. ಎಳೆ ಜೋಳ ದನಕ್ಕೆ ವಿಷ, ಗೊತ್ತಲ್ವಾ?

ಜೊತೆಗೆ ಒಣ ಮೀನಿನ ಪುಡಿ ನೆನೆಸಿ, ತೂತು ಕೊರೆದ ಡಬ್ಬಿಗಳಲ್ಲಿ ತೂಗು ಹಾಕಿದೆ, ಎಕರೆಗೆ ನಾಲ್ಕೈದು. ಮನೆಯವರು ಒಳಗೆ ಬಿಟ್ಟುಕೊಳ್ಳಲಿಲ್ಲ, ಪುಡಿ ಕೊಟ್ಟಿಗೆಯಲ್ಲೇ ಇತ್ತು. ಮೂರನೇ ದಿನಕ್ಕೆ ಡಬ್ಬಿ ತುಂಬ ಸಣ್ಣ ಬೂದು ನೊಣ, ಹೆಣ್ಣೇ ಜಾಸ್ತಿ. ಬರೀ ಡಬ್ಬಿಯಿಂದ ಬೆಳೆ ಉಳಿಯುತ್ತದೆ ಅಂತ ನಾನು ಹೇಳಲ್ಲ. ಆದರೆ ನೊಣ ಯಾವಾಗ ಬಂತು ಅಂತ ಮೊದಲೇ ಗೊತ್ತಾಗುತ್ತದೆ. ಪುಡಿಗೆ ನಾನು ಇನ್ನೊಂದು ಸೇರಿಸುತ್ತೇನೆ. ಅದನ್ನು ಇನ್ನೊಂದು ಹಂಗಾಮು ನೋಡಿ ಹೇಳುತ್ತೇನೆ.

ಬದುವಿನ ಪಕ್ಕ ನಾಲ್ಕು ಸಾಲು ಹೈಬ್ರಿಡ್ ಹಾಕಿದ್ದೆ. ಅದೇ ದಿನ, ಅದೇ ಉಪಚಾರ. ಮಾಲ್ದಂಡಿಯಲ್ಲಿ ನೂರಕ್ಕೆ ಏಳೆಂಟು ಸುಳಿ ಹೋದರೆ ಅದರಲ್ಲಿ ಇಪ್ಪತ್ತರ ಮೇಲೆ. ಮಾಲ್ದಂಡಿ ಸಸಿಯ ಎಲೆ ಎಳೆಯದರಲ್ಲೇ ಹೊಳೆಯುತ್ತದೆ, ಬಣ್ಣವೂ ತಿಳಿ. ಆ ಹೈಬ್ರಿಡ್ಡಿನ ಎಲೆ ಕಡು ಹಸಿರು, ಹೊಳಪಿಲ್ಲ. ಮುಂದಿನ ಸಲ ಆ ನಾಲ್ಕು ಸಾಲಿಗೂ ಮಾಲ್ದಂಡಿಯೇ.