ಗೊಬ್ಬರದಂಗಡಿ, ಹೋಂಸ್ಟೇ, ಕಾಫಿಪುಡಿ: ನನ್ನ ಪಾಡ್‌ಕಾಸ್ಟ್ ದುಡಿಯುವ ಬಗೆ

ಕೊಡಗಿನ ಸಣ್ಣ ಕಾಫಿ ಬೆಳೆಗಾರರಿಗಾಗಿ ನಾನು ಕನ್ನಡದಲ್ಲಿ ಮಾಡುವ ಪಾಡ್‌ಕಾಸ್ಟ್‌ಗೆ ಹಣ ಕೊಡುವವರು ಗೋಣಿಕೊಪ್ಪಲಿನ ಒಂದು ಗೊಬ್ಬರದ ಅಂಗಡಿಯವರು, ಕುಶಾಲನಗರದಲ್ಲಿ ಪಂಪ್‌ಸೆಟ್ ಮಾರುವವರು, ಮಡಿಕೇರಿ ಸುತ್ತಲಿನ ಕೆಲವು ಹೋಂಸ್ಟೇ ಮಾಲೀಕರು ಮತ್ತು ನಮ್ಮ ತೋಟದ ಕಾಫಿಪುಡಿ ತರಿಸಿಕೊಳ್ಳುವ ಬೆಂಗಳೂರು, ಮೈಸೂರಿನ ಮನೆಗಳವರು. ಸ್ಪಾಟಿಫೈ, ಯೂಟ್ಯೂಬ್‌ಗಳಿಂದ ಬರುವುದು ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಪಾಡ್‌ಕಾಸ್ಟ್ ಶುರು ಮಾಡಬೇಕೆಂದು ಸಲಹೆ ಕೇಳಲು ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಎಷ್ಟು ಜನ ಕೇಳಿದರೆ ಎಷ್ಟು ಹಣ ಎಂದು. 2011ರ ಜನಗಣತಿಯ ಪ್ರಕಾರ ಇಡೀ ಕೊಡಗಿನ ಜನಸಂಖ್ಯೆ 5,54,519. ಜಿಲ್ಲೆಯ ಮನೆಮನೆಯಲ್ಲೂ ನನ್ನ ಧ್ವನಿ ಕೇಳಿಸಿದರೂ, ಸಾವಿರ ಕೇಳುಗರಿಗೆ ಇಷ್ಟು ಎಂದು ಲೆಕ್ಕ ಹಾಕುವ ಜಾಹೀರಾತಿನಿಂದ ಸಂಸಾರ ನಡೆಯುವುದಿಲ್ಲ. ನಮ್ಮಂಥ ಊರಿನವರು ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು: ಕೇಳುವವರು ಯಾರು, ಅವರು ಏನನ್ನು ಕೊಳ್ಳುತ್ತಾರೆ, ಅದನ್ನು ಮಾರುವವರು ಯಾರು?

ನನ್ನ ಕೇಳುಗರು ಸಣ್ಣ ಬೆಳೆಗಾರರು. ಐದೋ ಹತ್ತೋ ಎಕರೆ ರೋಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಒಂದಿಷ್ಟು ಗದ್ದೆ ಇರುವವರು. ಸುಂಟಿಕೊಪ್ಪದ ಹತ್ತಿರ ನಮ್ಮದೂ ಅಂಥದೇ ತೋಟ. ನಮ್ಮ ಭಾಗದಲ್ಲಿ ಧ್ವನಿಗೆ ಇರುವ ಬೆಲೆ ನನಗೆ ಗೊತ್ತಿತ್ತು. ಮಡಿಕೇರಿ ಆಕಾಶವಾಣಿಯ 103.1 ಕಾಫಿ ಕಣದಲ್ಲೂ ಕಾರ್ಮಿಕರ ಲೈನ್‌ಮನೆಗಳಲ್ಲೂ ಅಂಗಡಿಗಳಲ್ಲೂ ಕೇಳಿಸುತ್ತಲೇ ನಾನು ಬೆಳೆದೆ. ಕಾಫಿ ಕುಯ್ಯುವಾಗ, ಮೆಣಸು ಬಿಡಿಸುವಾಗ, ಜೀಪು ಓಡಿಸುವಾಗ ಕಣ್ಣೂ ಕೈಯೂ ಬಿಡುವಾಗಿರುವುದಿಲ್ಲ, ಕಿವಿ ಮಾತ್ರ ಬಿಡುವಾಗಿರುತ್ತದೆ. ವಿಡಿಯೊಗೆ ಸಿಗದ ಆ ಹೊತ್ತು ಪಾಡ್‌ಕಾಸ್ಟ್‌ಗೆ ಸಿಗುತ್ತದೆ. ಭಾಷೆಯನ್ನು ಆರಿಸಿಕೊಳ್ಳುವಾಗಲೂ ಯೋಚಿಸಬೇಕಾಯಿತು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ತಮಿಳು ಎಲ್ಲವೂ ಮನೆಮಾತಾಗಿರುವ ಜಿಲ್ಲೆಯಲ್ಲಿ ಎಲ್ಲರನ್ನೂ ಒಂದೆಡೆ ಕೂರಿಸುವುದು ಕನ್ನಡವೇ.

ವಿಷಯಗಳನ್ನು ತೋಟವೇ ಕೊಡುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್‌ನಿಂದ ನೀರು ಕೊಡುವುದು, ಆಮೇಲೆ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ, ಮೇ ತಿಂಗಳಲ್ಲಿ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ, ಮಳೆಗಾಲದಲ್ಲಿ ಕೊಳೆರೋಗ, ಕುಯ್ಲಿನ ಸಮಯದಲ್ಲಿ ಕಾಯಿಕೊರಕ ಮತ್ತು ಔಟ್‌ಟರ್ನ್, ಅಂದರೆ ಕಾಯಿಯಿಂದ ಎಷ್ಟು ಕಾಫಿ ಬೀಜ ಸಿಗುತ್ತದೆ ಎಂಬ ಲೆಕ್ಕ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ, ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ತಿಳಿದವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಆದರೂ ಹೆಚ್ಚು ಜನ ಕೇಳುವುದು ವಿಜ್ಞಾನಿಯ ಎದುರಿಗೆ ಅನುಭವವುಳ್ಳ ಬೆಳೆಗಾರರೊಬ್ಬರನ್ನು ಕೂರಿಸಿ ಮಾಡಿದ ಕಂತುಗಳನ್ನು. ವಿಜ್ಞಾನಿ ಹೇಳಿದ್ದನ್ನು ಬೆಳೆಗಾರರು ತಡೆದು, "ಅಷ್ಟು ಆಳುಗಳು ಎಲ್ಲಿ ಸಿಗುತ್ತಾರೆ ಸಾರ್?" ಎಂದು ಕೇಳುತ್ತಾರಲ್ಲ, ಕೇಳುಗರೂ ಅದನ್ನೇ ಕೇಳಬೇಕೆಂದುಕೊಂಡಿರುತ್ತಾರೆ.

ಬೋರ್ಡೋ ಕಂತಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಈ ಕಸುಬಿನಿಂದ ಹೊಟ್ಟೆ ತುಂಬಬಹುದೆಂದು ನನಗೆ ತೋರಿಸಿದ್ದೇ ಅದು. ಶೇಕಡಾ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿ ಹೊಳಪು ಬರಿಸಿದ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ತಯಾರಿಸಿದ ದಿನವೇ ಸಿಂಪಡಿಸಿ ಮುಗಿಸಬೇಕು. ಇದೆಲ್ಲ ಪುಸ್ತಕಗಳಲ್ಲಿದೆ. ಆದರೆ ಡ್ರಮ್ಮಿನ ಮುಂದೆ ನಿಂತವನ ಕೈಗಳು ಸುಣ್ಣದಲ್ಲಿರುತ್ತವೆ, ಪುಸ್ತಕ ತೆರೆಯಲಾಗುವುದಿಲ್ಲ. ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಕೇಳುತ್ತಾ ಮಾಡುವ ಹಾಗೆ, ಹಂತ ಹಂತವಾಗಿ, ನಡುನಡುವೆ ನಿಲ್ಲಿಸಲು ಹೇಳುತ್ತಾ ಆ ಕಂತನ್ನು ಕಟ್ಟಿದೆ. ಆ ಮೇ ತಿಂಗಳಲ್ಲಿ ಅದು ವಾಟ್ಸ್‌ಆ್ಯಪ್‌ನಲ್ಲಿ ತೋಟದಿಂದ ತೋಟಕ್ಕೆ ಹೋಯಿತು. ಗೋಣಿಕೊಪ್ಪಲಿನ ಗೊಬ್ಬರದ ಅಂಗಡಿಗೆ ಮೈಲುತುತ್ತು ಕೊಳ್ಳಲು ಬಂದ ಕೆಲವರು ನನ್ನ ಕಾರ್ಯಕ್ರಮದ ಮಾತೆತ್ತಿದರಂತೆ. ಅಂಗಡಿಯ ಮಾಲೀಕರೇ ಫೋನ್ ಮಾಡಿ, "ಅಮ್ಮಾ, ಮುಂದಿನ ಸಲ ನಮ್ಮ ಅಂಗಡಿಯ ಹೆಸರು ಹೇಳಲು ಎಷ್ಟು ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದರು.

ಅವರೊಂದಿಗೆ ಕೂತು ಮಾತಾಡಿದ ಮೇಲೆ ದರ ಗೊತ್ತುಪಡಿಸುವ ನನ್ನ ಕ್ರಮ ರೂಪುಗೊಂಡಿತು. ಕಂತಿಗೆ ಇಷ್ಟು ಎಂದು ನಾನು ಮಾರುವುದಿಲ್ಲ, ಹಂಗಾಮಿಗೆ ಮಾರುತ್ತೇನೆ. ಏಪ್ರಿಲ್‌ನಿಂದ ಜೂನ್‌ವರೆಗೆ ಸಿಂಪಡಣೆಯ ಹಂಗಾಮು, ಜನವರಿಯಿಂದ ಮಾರ್ಚ್‌ವರೆಗೆ ಪಂಪ್ ಮತ್ತು ಪೈಪಿನ ಹಂಗಾಮು. ಒಂದು ಹಂಗಾಮಿಗೆ ಒಂದು ಬಗೆಯ ವ್ಯಾಪಾರಿ ಒಬ್ಬರೇ, ಅವರ ಎದುರಾಳಿಯ ಜಾಹೀರಾತು ಆ ತಿಂಗಳುಗಳಲ್ಲಿ ಬರುವುದಿಲ್ಲ. ಜಾಹೀರಾತನ್ನು ಅಬ್ಬರದ ಸಂಗೀತವಿಲ್ಲದೆ ನಾನೇ ನನ್ನ ಧ್ವನಿಯಲ್ಲಿ ಓದುತ್ತೇನೆ. ಮುಕ್ಕಾಲು ನಿಮಿಷದೊಳಗೆ ಅಂಗಡಿ ಎಲ್ಲಿದೆ, ಏನು ದಾಸ್ತಾನಿದೆ, ಭಾನುವಾರ ತೆರೆದಿರುತ್ತದೆಯೇ ಎಂಬುದನ್ನು ಹೇಳಿ ಮುಗಿಸುತ್ತೇನೆ. ಬೆಳೆಗಾರನಿಗೆ ಬೇಕಾದ ಮಾಹಿತಿಯೂ ಇಷ್ಟೇ.

ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಮೆಣಸಿನ ಬಳ್ಳಿಯ ಸೊರಗು ರೋಗವನ್ನು ತಮ್ಮ ಔಷಧಿ ಪೂರ್ತಿ ಗುಣಪಡಿಸುತ್ತದೆ ಎಂದು ಹೇಳಿಸಲು ಒಂದು ಕಂಪನಿಯ ಪ್ರತಿನಿಧಿ ಒಳ್ಳೆಯ ಮೊತ್ತವನ್ನೇ ಮುಂದಿಟ್ಟರು. ನೀರು ಬಸಿದು ಹೋಗುವಂತೆ ಮಾಡದೆ, ಬೇರಿನ ಆರೋಗ್ಯ ನೋಡದೆ, ರೋಗ ಬಂದ ಬಳ್ಳಿಗಳನ್ನು ಕಿತ್ತು ಸುಡದೆ ಯಾವ ಡಬ್ಬಿಯೂ ಸೊರಗು ರೋಗವನ್ನು ನಿಲ್ಲಿಸುವುದಿಲ್ಲ. ನಾನು ಒಪ್ಪಲಿಲ್ಲ. ನನ್ನ ಮಾತು ನಂಬಿ ಒಬ್ಬರು ಬಳ್ಳಿ ಕಳೆದುಕೊಂಡರೆ ಮರುದಿನ ಅದು ಇಡೀ ಊರಿಗೆ ಗೊತ್ತಾಗುತ್ತದೆ, ಗೊಬ್ಬರದಂಗಡಿಯವರು ನನ್ನಿಂದ ಕೊಳ್ಳುತ್ತಿರುವುದೂ ಆ ನಂಬಿಕೆಯನ್ನೇ. ಹಣ ಪಡೆದು ಹೇಳುವ ಮಾತನ್ನು ಹಣ ಪಡೆದದ್ದು ಎಂದೇ ಹೇಳಬೇಕು. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಧ್ವನಿ ಮಾಧ್ಯಮದಲ್ಲಿ ಇದನ್ನು ಆರಂಭದಲ್ಲಿ, ಕೊನೆಯಲ್ಲಿ ಮತ್ತು ಪ್ರತಿ ವಿರಾಮದ ಹಿಂದೆ ಮುಂದೆ ಸ್ಪಷ್ಟವಾಗಿ ತಿಳಿಸಬೇಕು. ನಾನು "ಇದು ಜಾಹೀರಾತು" ಎಂದೇ ಶುರು ಮಾಡುತ್ತೇನೆ. ಇದರಿಂದ ಕೇಳುಗರು ಕಡಿಮೆಯಾಗಿಲ್ಲ.

ಇನ್ನು ಕೇಳುಗರನ್ನು ತಲುಪುವ ದಾರಿ. ಪಾಡ್‌ಕಾಸ್ಟ್ ಎಂದರೆ ಮೂಲತಃ ಒಂದು ಫೀಡ್. ಧ್ವನಿಯ ಕಡತ ಎಲ್ಲಿದೆ, ಹೊಸ ಕಂತು ಯಾವುದು ಎಂದು ಹೇಳುವ ಒಂದು ಪಟ್ಟಿ. ಅದನ್ನು ಒಂದು ಕಡೆ ಇಟ್ಟರೆ ಸ್ಪಾಟಿಫೈ, ಆ್ಯಪಲ್ ಮುಂತಾದ ಆ್ಯಪ್‌ಗಳು ಓದಿಕೊಳ್ಳುತ್ತವೆ. ಈ ಫೀಡ್ ನಿಮ್ಮ ಕೈಯಲ್ಲಿರಬೇಕು, ಬೇಕಾದಾಗ ಬೇರೆ ಕಡೆಗೆ ಒಯ್ಯಲು ಬರುವಂತಿರಬೇಕು. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ ನಿಂತುಹೋಯಿತು. ಫೀಡ್ ಇದ್ದವರ ಕಂತುಗಳು ಆಗಲೂ ಬೇರೆ ಆ್ಯಪ್‌ಗಳಲ್ಲಿ ಎಂದಿನಂತೆ ಸಿಗುತ್ತಿದ್ದವು. ಆದರೆ ನಮ್ಮ ಜಿಲ್ಲೆಯ ಹೆಚ್ಚಿನ ಬೆಳೆಗಾರರಿಗೆ ಪಾಡ್‌ಕಾಸ್ಟ್ ಆ್ಯಪ್‌ನ ಅಭ್ಯಾಸವಿಲ್ಲ, ಅವರಿಗೆ ವಾಟ್ಸ್‌ಆ್ಯಪ್ಪೇ ರೇಡಿಯೊ. ತೋಟದೊಳಗೆ ಸಿಗ್ನಲ್ ಒಂದು ಗೆರೆ ಇದ್ದರೆ ಹೆಚ್ಚು. ಹಾಗಾಗಿ ಕಡತ ಚಿಕ್ಕದಾಗಿರಲೆಂದು ನನ್ನ ಕಂತುಗಳು ಮೋನೊ (ಒಂದೇ ಧ್ವನಿವಾಹಿನಿ), 64 ಕೆಬಿಪಿಎಸ್. 20 ನಿಮಿಷದ ಮಾತು ಹತ್ತು ಎಂಬಿಯೊಳಗೆ ಮುಗಿಯುತ್ತದೆ. ಸ್ಟೀರಿಯೊ 128ರಲ್ಲಿ ಇಟ್ಟರೆ ಅದರ ಎರಡು ಪಟ್ಟು. ಮಾತಿಗೆ ಸ್ಟೀರಿಯೊ ಬೇಕಾಗಿಯೇ ಇಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಹೋದ ಕಡತವನ್ನು ಎಷ್ಟು ಜನ ಕೇಳಿದರೆಂದು ಯಾವ ಅಂಕಿಅಂಶವೂ ಹೇಳುವುದಿಲ್ಲ. ಫೀಡ್‌ನ ಲೆಕ್ಕದಲ್ಲೂ, ಕನಿಷ್ಠ ಒಂದು ನಿಮಿಷದಷ್ಟು ಧ್ವನಿ ಇಳಿದರೆ ಒಂದು ಡೌನ್‌ಲೋಡ್ ಎಂದು ಎಣಿಸುವುದು ರೂಢಿ. ಪೂರ್ತಿ ಕೇಳಿದರೋ ಇಲ್ಲವೋ ಅದರಿಂದ ತಿಳಿಯದು. ಜಾಹೀರಾತುದಾರರಿಗೆ ಬೇಕಾದದ್ದು ಪುರಾವೆ. ಅದಕ್ಕೆ ನಾನು ಕಂಡುಕೊಂಡ ದಾರಿ ಸರಳ: ಅಂಗಡಿಯ ಗಲ್ಲಾದ ಪಕ್ಕ ಒಂದು ನೋಟ್‌ಪುಸ್ತಕ. ಕಾರ್ಯಕ್ರಮ ಕೇಳಿ ಬಂದೆ ಎಂದು ಹೇಳಿದವರಿಗೆ ಒಂದು ಗೀಟು, ಅವರು ಕೊಂಡದ್ದರ ಮೊತ್ತ. ತಿಂಗಳ ಕೊನೆಯಲ್ಲಿ ಮಾಲೀಕರೂ ನಾನೂ ಒಟ್ಟಿಗೆ ಕೂತು ಅದನ್ನು ನೋಡುತ್ತೇವೆ. ಹೋಂಸ್ಟೇಗಳಿಗೆ ಪಾಡ್‌ಕಾಸ್ಟ್‌ನಲ್ಲಿ ಮಾತ್ರ ಹೇಳುವ ಬೇರೆಯೇ ಫೋನ್ ನಂಬರ್ ಇಡಿಸಿದ್ದೇನೆ. ಆ ನಂಬರಿಗೆ ಬಂದ ಕರೆಯೆಲ್ಲ ನಮ್ಮ ಲೆಕ್ಕಕ್ಕೆ. ಡೌನ್‌ಲೋಡ್ ಸಂಖ್ಯೆ ತೋರಿಸಿದಾಗ ತಲೆಯಾಡಿಸಿ ಸುಮ್ಮನಾಗುತ್ತಿದ್ದವರು ಗೀಟುಗಳನ್ನು ನೋಡಿ ಮುಂದಿನ ಹಂಗಾಮಿಗೆ ಮುಂಗಡ ಕೊಡುತ್ತಾರೆ.

ಧ್ವನಿಮುದ್ರಣಕ್ಕೆ ಖರ್ಚು ಕಡಿಮೆ, ಎಚ್ಚರ ಹೆಚ್ಚು ಬೇಕು. ಕೊಡಗಿನ ಮಳೆಗಾಲದಲ್ಲಿ ಹಂಚಿನ ಮನೆಯೊಳಗೆ ಕೂತು ಮಾತಾಡಿದರೆ ಮಾತಿಗಿಂತ ಮಳೆಯೇ ಮುಂದೆ ಕೇಳಿಸುತ್ತದೆ. ನಾನು ಬಳಸುವುದು ಡೈನಮಿಕ್ ಮೈಕ್. ಬಾಯಿಯ ಹತ್ತಿರದ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ, ದೂರದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. ದೂರದ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಇಲ್ಲಿಗೆ ಹೊಂದುವುದಿಲ್ಲ. ಸ್ಟುಡಿಯೊ ಎಂದರೆ ನಮ್ಮ ಉಗ್ರಾಣ. ಚೆರ್ರಿ ಕಾಫಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿಯ, ಮೂಟೆಗಳನ್ನು ಮೂರು ಗೋಡೆಗಳಿಗೂ ಒಟ್ಟಿದ ಕೋಣೆಯಲ್ಲಿ ಮಾತಾಡಿ ನೋಡಿ, ಪ್ರತಿಧ್ವನಿ ಎಂಬುದೇ ಇರುವುದಿಲ್ಲ. ಗೋಣಿಯೂ ಒಣಗಿದ ಕಾಯಿಯೂ ಸದ್ದನ್ನು ನುಂಗುತ್ತವೆ. ಕಾಫಿ ಮಾರಿಹೋದ ತಿಂಗಳುಗಳಲ್ಲಿ ಕಂಬಳಿಗಳನ್ನು ತೂಗುಹಾಕುತ್ತೇನೆ. ತೋಟದಲ್ಲಿ ಸಂದರ್ಶನ ಮಾಡುವುದಾದರೆ ಬೆಳಿಗ್ಗೆಯೇ, ಸಂಜೆಯಾದರೆ ಜೀರುಂಡೆಗಳ ಸದ್ದನ್ನು ಯಾವ ತಂತ್ರಾಂಶದಿಂದಲೂ ಪೂರ್ತಿ ತೆಗೆಯಲಾಗದು. ಸಂಕಲನಕ್ಕೆ ಉಚಿತವಾಗಿ ಸಿಗುವ ಆಡಾಸಿಟಿ ಸಾಕು. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಬಾರದು, ಹಕ್ಕು ಬೇರೆಯವರದು. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಮಳೆಗಾಲಕ್ಕೆ ಸೌದೆ ಕೂಡಿಡುವ ಹಾಗೆ ಮೇ ಮುಗಿಯುವುದರೊಳಗೆ ಆ ತಿಂಗಳುಗಳ ಕಂತುಗಳನ್ನು ಮುದ್ರಿಸಿ ಇಟ್ಟುಕೊಳ್ಳುತ್ತೇನೆ. ಜಾಹೀರಾತುದಾರರಿಗೆ ವಾರ ತಪ್ಪದೆ ಕಂತು ಬರುತ್ತದೆಂದು ಮಾತು ಕೊಟ್ಟ ಮೇಲೆ ಮಳೆಯ ನೆಪ ನಡೆಯುವುದಿಲ್ಲ.

ಹೋಂಸ್ಟೇ ಕೆಲಸ ಬೇರೆ ಬಗೆಯದು. ಅಲ್ಲಿ ನಾನು ಜಾಹೀರಾತು ಓದುವುದಿಲ್ಲ, ಅವರ ಹೆಸರಿನಲ್ಲೇ ಒಂದು ಸಣ್ಣ ಸರಣಿ ಮಾಡಿಕೊಡುತ್ತೇನೆ. ಬೆಂಗಳೂರಿನಿಂದ ಮಡಿಕೇರಿಗೆ ಐದಾರು ಗಂಟೆಯ ಪ್ರಯಾಣ. ಕೋಣೆ ಕಾಯ್ದಿರಿಸಿದ ಕುಟುಂಬ ಕಾರಿನಲ್ಲಿ ಕೂತು ಕೇಳುವ ಆರು ಕಂತುಗಳು: ದಾರಿಯಲ್ಲಿ ಎಲ್ಲಿ ನಿಲ್ಲಬಹುದು, ಮಳೆಯಲ್ಲಿ ಯಾವ ರಸ್ತೆ ಬೇಡ, ಜಿಗಣೆಗೆ ಏನು ಮಾಡಬೇಕು, ಕಾಚಂಪುಳಿ ಎಂದರೇನು, ಸುಗ್ಗಿಹಬ್ಬ ಪುತ್ತರಿಯ ದಿನಗಳಲ್ಲಿ ಬಂದರೆ ಏನು ನೋಡಬಹುದು, ಹೀಗೆ. ಮಾತಾಡುವುದು ಮನೆಯ ಒಡತಿಯೇ. ನಾನು ಪ್ರಶ್ನೆ ಕೇಳಿ, ಕತ್ತರಿಸಿ, ಜೋಡಿಸಿ ಕೊಡುತ್ತೇನೆ. ಬಾಗಿಲಿಗೆ ಬರುವ ಹೊತ್ತಿಗೆ ಅತಿಥಿಗಳಿಗೆ ಆ ಧ್ವನಿಯ ಪರಿಚಯವಾಗಿರುತ್ತದೆ, "ಅಕ್ಕಾ" ಎಂದೇ ಮಾತಾಡಿಸುತ್ತಾರೆ. ಮತ್ತೆ ಬರುವವರೂ, ಬೇರೆಯವರಿಗೆ ಆ ಸರಣಿಯನ್ನು ಕಳಿಸುವವರೂ ಹೆಚ್ಚಾಗಿ ಇವರೇ. ಇದು ವಾರವಾರ ಮಾಡುವ ಕೆಲಸವಲ್ಲ. ಒಂದು ಸಲ ಮಾಡಿದರೆ ಎರಡು ಮೂರು ವರ್ಷ ನಡೆಯುತ್ತದೆ, ರಸ್ತೆ ಬದಲಾದರೆ ಒಂದು ಕಂತನ್ನು ಹೊಸದಾಗಿ ಮುದ್ರಿಸಿದರಾಯಿತು.

ಕೇಳಿದವರಿಗೆಲ್ಲ ನಾನು ಪಾಡ್‌ಕಾಸ್ಟ್ ಮಾಡಿಕೊಡುವುದಿಲ್ಲ. ಒಂದು ಬೇಕರಿಯವರಿಗೆ ಬೇಡ ಎಂದು ನಾನೇ ಹೇಳಿದೆ. ಪಫ್ಸ್ ಕೊಳ್ಳುವವನು ಅರ್ಧ ನಿಮಿಷದಲ್ಲಿ ತೀರ್ಮಾನಿಸುತ್ತಾನೆ, ಅವನಿಗೆ ಬೇಕಾದದ್ದು ಒಳ್ಳೆಯ ಬೋರ್ಡು. ಕೊಳ್ಳುವ ಮುನ್ನ ಯೋಚಿಸುವ, ಸಂಶಯ ಪಡುವ, ನಾಲ್ಕು ಜನರನ್ನು ಕೇಳುವ ವ್ಯಾಪಾರಗಳಿಗೆ ಮಾತ್ರ ಈ ಮಾಧ್ಯಮ ಫಲ ಕೊಡುತ್ತದೆ. ಮೆಣಸಿನ ನರ್ಸರಿ, ಸೋಲಾರ್ ಪಂಪ್, ಜೇನು, ಹೋಂಸ್ಟೇ ಆ ಸಾಲಿನವು.

ನಮ್ಮ ಕಾಫಿಪುಡಿಯೂ ಆ ಸಾಲಿನದೇ. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆದರೂ ಪಟ್ಟಣದಲ್ಲಿರುವವರಿಗೆ ಅರೇಬಿಕಾಕ್ಕೂ ರೋಬಸ್ಟಾಕ್ಕೂ ಇರುವ ವ್ಯತ್ಯಾಸವಾಗಲಿ, ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟಿಗೂ ಚೆರ್ರಿಗೂ ಇರುವ ವ್ಯತ್ಯಾಸವಾಗಲಿ ಯಾರೂ ಬಿಡಿಸಿ ಹೇಳಿಲ್ಲ. ಚಿಕೋರಿ ಎಷ್ಟಿದ್ದರೆ ರುಚಿ ಹೇಗೆ ಬದಲಾಗುತ್ತದೆ ಎಂಬ ಕಂತಾದ ಮೇಲೆ ಕೇಳುಗರು ತಮಗೆ ಬೇಕಾದ ಪ್ರಮಾಣ ಹೇಳಿ ತರಿಸಿಕೊಳ್ಳಲು ಶುರು ಮಾಡಿದರು. ಕೊಡಗಿನಲ್ಲಿ ಹುಟ್ಟಿ ಹೊರಗೆ ನೆಲೆಸಿದವರೇ ಇವರಲ್ಲಿ ಬಹಳ ಮಂದಿ. ತೋಟದ ಸುದ್ದಿ ಕೇಳಲು ಬಂದವರು ತಿಂಗಳಿಗೊಮ್ಮೆ ಪುಡಿಯನ್ನೂ ಕೊಳ್ಳುತ್ತಾರೆ. ಪುಡಿ ಮಾರಲು ಆಹಾರ ಸುರಕ್ಷತೆಯ ನೋಂದಣಿ ಬೇಕು, ಅದನ್ನು ಮೊದಲೇ ಮಾಡಿಸಿಕೊಂಡೆವು. ಹುರಿಯುವುದನ್ನೂ ಪಾರ್ಸೆಲನ್ನೂ ಅಣ್ಣ ನೋಡಿಕೊಳ್ಳುತ್ತಾನೆ.

ಸಂಕಲನಕ್ಕೆ ಈಗ ಊರಿನ ಹುಡುಗಿಯೊಬ್ಬಳು ನೆರವಾಗುತ್ತಾಳೆ, ಕಂತಿಗೆ ಇಷ್ಟು ಎಂದು ಅವಳಿಗೆ ಕೊಡುತ್ತೇನೆ. ಅವಳ ಮನೆಮಾತು ಅರೆಭಾಷೆ. ಮನೆಯ ಹಿರಿಯರನ್ನು ಮಾತಾಡಿಸಿ ಆ ಭಾಷೆಯಲ್ಲೇ ಒಂದು ಸರಣಿ ಮಾಡಬೇಕೆಂದು ಅವಳಿಗೆ ಆಸೆಯಿದೆ, ಮೊದಲ ಕಂತುಗಳ ಮುದ್ರಣವೂ ಆಗಿದೆ. ಅದಕ್ಕೆ ಹಣ ಹಾಕುವವರನ್ನು ಹುಡುಕಲು ಬರುವ ವಾರ ನಾವಿಬ್ಬರೂ ಮಡಿಕೇರಿಯ ಅಂಗಡಿಗಳಿಗೆ ಹೋಗುತ್ತಿದ್ದೇವೆ. ಗೋಣಿಕೊಪ್ಪಲಿನ ನೋಟ್‌ಪುಸ್ತಕವನ್ನು ಮಾಲೀಕರಿಂದ ಕೇಳಿ ಪಡೆದಿದ್ದೇನೆ, ತೋರಿಸಲು ಅದನ್ನೂ ಒಯ್ಯುತ್ತೇವೆ.