ರೆಸಿಡೆನ್ಸಿ ಕಲಾವಿದರ ಮಾತಿಗೆ ಹೋಗುವ ಮುನ್ನ

ಹೊರ ಊರು, ಹೊರ ದೇಶಗಳಿಂದ ಬಂದು ನಮ್ಮ ಬೆಂಗಳೂರಿನಲ್ಲಿ ಕೆಲವು ವಾರ ತಂಗಿ ಕೆಲಸ ಮಾಡುವ (ಇದನ್ನೇ ರೆಸಿಡೆನ್ಸಿ ಎನ್ನುತ್ತಾರೆ) ಸಮಕಾಲೀನ ಕಲಾವಿದರ ಮಾತು, ಪ್ರದರ್ಶನಗಳು ಶಾಂತಿನಗರದಲ್ಲಿ 2003ರಲ್ಲಿ ಆರಂಭವಾದ 1 ಶಾಂತಿರೋಡ್ ಎಂಬ ಕಲಾ ಸ್ಟುಡಿಯೊದಲ್ಲಿ ಹಾಗೂ ಇಂದಿರಾನಗರದಲ್ಲಿರುವ ಜರ್ಮನ್ ಸಾಂಸ್ಕೃತಿಕ ಕೇಂದ್ರ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಆಗಾಗ ನಡೆಯುತ್ತಿರುತ್ತವೆ. ಬಹುತೇಕ ಟಿಕೆಟ್ ಇರುವುದಿಲ್ಲ. ಆದರೂ ಹೆಸರು ನೋಂದಾಯಿಸಬೇಕೇ ಎಂದು ಮೊದಲೇ ನೋಡಿಕೊಳ್ಳಿ.

ನನ್ನ ಮುಖ್ಯ ಸಲಹೆ ಒಂದೇ: ಅರ್ಧ ಗಂಟೆ ಮುಂಚೆ ತಲುಪಿ. ಸಂಜೆಯ ಟ್ರಾಫಿಕ್ಕಿನಲ್ಲಿ ಇದು ಹೇಳಿದಷ್ಟು ಸುಲಭವಲ್ಲ ಎಂಬುದು ಗೊತ್ತಿದೆ. ಇಂದಿರಾನಗರಕ್ಕಾದರೆ ನೇರಳೆ ಮಾರ್ಗದ ಮೆಟ್ರೊ ಹಿಡಿಯುವುದೇ ಜಾಣತನ. ಮುಂಚೆ ಹೋದರೆ ಗೋಡೆಗೆ ಟೇಪಿನಿಂದ ಅಂಟಿಸಿದ ಅರ್ಧಂಬರ್ಧ ರೇಖಾಚಿತ್ರಗಳು, ಚಿಕ್ಕಪೇಟೆಯಿಂದ ತಂದ ಬಟ್ಟೆಯ ತುಂಡುಗಳು, ಮೇಜಿನ ಮೇಲೆ ಒಣಗುತ್ತಿರುವ ಬಣ್ಣದ ಬಟ್ಟಲು ಇಂಥವನ್ನು ಜನ ಸೇರುವ ಮೊದಲೇ ಸಾವಕಾಶವಾಗಿ ನೋಡಬಹುದು, ಮತ್ತು ಆಮೇಲೆ ಪರದೆಯ ಮೇಲೆ ಮೂಡುವ ಚಿತ್ರಗಳಿಗಿಂತ ಕೆಲಸದ ಜಾಡನ್ನು ಅವೇ ಚೆನ್ನಾಗಿ ತಿಳಿಸುತ್ತವೆ.

ಪ್ರಶ್ನೋತ್ತರದಲ್ಲಿ "ಇದರ ಅರ್ಥವೇನು?" ಎಂದು ಕೇಳಿದರೆ ಸಿದ್ಧ ಉತ್ತರವೇ ಸಿಗುತ್ತದೆ (ಎಷ್ಟೋ ಸಲ ನಾನೇ ಹಾಗೆ ಕೇಳಿ ಪೆಚ್ಚಾಗಿದ್ದೇನೆ). ಬದಲಿಗೆ, ಇಲ್ಲಿಗೆ ಬಂದ ಮೇಲೆ ಯಾವುದನ್ನು ಕೈಬಿಟ್ಟಿರಿ ಎಂದು ಕೇಳಿ ನೋಡಿ. ಇಂಗ್ಲಿಷ್ ಸಲೀಸಾಗಿ ಬಾರದಿದ್ದರೆ ಕನ್ನಡದಲ್ಲೇ ಕೇಳಿ. ಅನುವಾದಿಸುವವರು ಸಭೆಯಲ್ಲಿ ಒಬ್ಬರಾದರೂ ಸಿಗುತ್ತಾರೆ. ಅಭಿನಯ ಪ್ರಧಾನ ಪ್ರದರ್ಶನವಾದರೆ ಕಲಾವಿದರ ಅನುಮತಿಯಿಲ್ಲದೆ ಮೊಬೈಲಿನಲ್ಲಿ ಚಿತ್ರೀಕರಿಸಬೇಡಿ.