ವಿಡಿಯೊಗೆ ಹಾಡು ಬೇಕೇ? ಇಬ್ಬರನ್ನು ಕೇಳಿ

ವಿಡಿಯೊ ಎಡಿಟ್ ಮುಗಿಯಿತು, ಇಷ್ಟದ ಹಾಡು ಹಿನ್ನೆಲೆಯಲ್ಲಿ ಚೆನ್ನಾಗಿ ಕೂತಿತು. ಅಪ್‌ಲೋಡ್ ಮಾಡಿದ ಸ್ವಲ್ಪ ಹೊತ್ತಿಗೇ ಕಾಪಿರೈಟ್ ಕ್ಲೇಮ್, ಅಂದರೆ ‘ಈ ಹಾಡು ನಮ್ಮದು’ ಎಂಬ ಹಕ್ಕುದಾರರ ತಕರಾರು ಬಂತು. ಯಾರೋ ಕೂತು ನೋಡಿ ಕಳಿಸಿದ್ದಲ್ಲ ಇದು. ಯೂಟ್ಯೂಬ್‌ನಲ್ಲಿ 2007ರಿಂದಲೂ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಇದೆ. ಹಕ್ಕುದಾರರು ಮೊದಲೇ ಕೊಟ್ಟಿರುವ ಹಾಡುಗಳ ಜತೆ ನಿಮ್ಮ ವಿಡಿಯೊದ ದನಿಯನ್ನು ಅದು ತಾನಾಗಿಯೇ ತಾಳೆ ನೋಡುತ್ತದೆ.

‘ಕ್ರೆಡಿಟ್ ಕೊಟ್ಟಿದ್ದೀನಲ್ಲ’, ‘ಹದಿನೈದೇ ಸೆಕೆಂಡ್ ಇರೋದು’, ‘ಇದರಿಂದ ದುಡ್ಡು ಮಾಡ್ತಿಲ್ಲ’ ಅಂತ ಹೇಳುವವರು ಜಾಸ್ತಿ. ಇವು ಯಾವುವೂ ಅನುಮತಿ ಅಲ್ಲ. ಇಷ್ಟು ಸೆಕೆಂಡ್‌ವರೆಗೆ ಪರವಾಗಿಲ್ಲ ಎಂದು ಎಲ್ಲ ಕಡೆ ನಡೆಯುವ ನಿಯಮವೂ ಇಲ್ಲ. ಹಾಗಾಗಿ ಅನುಮತಿಯ ಕೆಲಸ ಎಡಿಟಿಂಗ್‌ಗಿಂತ ಮೊದಲೇ ಶುರುವಾಗಬೇಕು. ಹಾಡಿಗೆ ತಕ್ಕಂತೆ ದೃಶ್ಯ ಕತ್ತರಿಸಿದ ಮೇಲೆ ‘ಇಲ್ಲ’ ಅನ್ನಿಸಿಕೊಂಡರೆ ಎಲ್ಲವನ್ನೂ ಮತ್ತೆ ಮಾಡಬೇಕಾಗುತ್ತದೆ.

ಹಾಡು ಒಂದು, ಹಕ್ಕು ಎರಡು

ಹೆಚ್ಚಿನವರು ಎಡವುವುದು ಇಲ್ಲೇ. ಹಾಡಿನ ಸಾಹಿತ್ಯ ಮತ್ತು ಸಂಗೀತ ಸಂಯೋಜನೆ ಒಂದು ಆಸ್ತಿ. ಅದನ್ನು ಹಾಡಿ ರೆಕಾರ್ಡ್ ಮಾಡಿದ ಧ್ವನಿ ಇನ್ನೊಂದು ಆಸ್ತಿ. ಜಾಗ ಒಬ್ಬರದು, ಅದರ ಮೇಲೆ ಕಟ್ಟಿದ ಮನೆ ಇನ್ನೊಬ್ಬರದು ಇದ್ದ ಹಾಗೆ. ಮೊದಲನೆಯದಕ್ಕೆ ಸಂಯೋಜಕರು, ಗೀತೆ ಬರೆದವರು ಅಥವಾ ಅವರ ಪರವಾಗಿರುವ ಮ್ಯೂಸಿಕ್ ಪಬ್ಲಿಷರ್ ಅನುಮತಿ ಕೊಡಬೇಕು. ಇದು ಸಿಂಕ್ ಲೈಸೆನ್ಸ್. ಎರಡನೆಯದನ್ನು ಸಾಮಾನ್ಯವಾಗಿ ರೆಕಾರ್ಡ್ ಲೇಬಲ್ ಕೊಡುತ್ತದೆ. ಇದು ಮಾಸ್ಟರ್ ಲೈಸೆನ್ಸ್. ವಿಡಿಯೊಗೆ ಎರಡೂ ಬೇಕು.

ನೀವೇ ಹಾಡಿದರೆ? ಆಗ ಮಾಸ್ಟರ್ ನಿಮ್ಮದೇ, ಲೇಬಲ್ ಹತ್ತಿರ ಹೋಗುವ ಅಗತ್ಯ ಇಲ್ಲ. ಸಿಂಕ್ ಮಾತ್ರ ಬೇಕೇ ಬೇಕು. ಹಳೆಯ ಸಂಗೀತದಲ್ಲಿ ಇದು ತಿರುಗುಮುರುಗು. ಬೀಥೋವನ್ ತೀರಿಕೊಂಡಿದ್ದು 1827ರಲ್ಲಿ. ಆತನ ಸಂಗೀತದ ಮೇಲೆ ಈಗ ಯಾರ ಹಕ್ಕೂ ಇಲ್ಲ. ಆದರೆ ಅದನ್ನು ಮೊನ್ನೆ ಮೊನ್ನೆ ನುಡಿಸಿ ರೆಕಾರ್ಡ್ ಮಾಡಿದ ಆರ್ಕೆಸ್ಟ್ರಾದ ಧ್ವನಿಮುದ್ರಣಕ್ಕೆ ಒಡೆಯರಿದ್ದಾರೆ.

ಒಡೆಯರನ್ನು ಹುಡುಕುವುದು

ಹಾಡಿನ ಕೆಳಗಿನ ವಿವರಣೆ ಅಥವಾ ಆಲ್ಬಮ್ಮಿನ ಹಿಂಬದಿ ನೋಡಿ. ವೃತ್ತದೊಳಗೆ ‘ಪಿ’ ಇರುವ ಗುರುತು, ಅದರ ಮುಂದೆ ಇಸವಿ ಮತ್ತು ಒಂದು ಹೆಸರು ಇರುತ್ತದೆ. ರೆಕಾರ್ಡಿಂಗ್‌ನ ಹಕ್ಕುದಾರರು ಅವರೇ. ಪಕ್ಕದಲ್ಲೇ ವೃತ್ತದೊಳಗಿನ ‘ಸಿ’ ಕೂಡ ಕಾಣಬಹುದು. ಅದು ಸಾಮಾನ್ಯವಾಗಿ ಮುಖಪುಟದ ಚಿತ್ರ, ಬರಹಗಳಿಗೆ ಸಂಬಂಧಿಸಿದ್ದು. ಅದನ್ನು ನೋಡಿ ಬೇರೆ ಯಾರಿಗೋ ಪತ್ರ ಬರೆಯಬೇಡಿ. ಸಾಮಾನ್ಯವಾಗಿ ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಸಿಕ್ಕರೆ ಬರೆದಿಟ್ಟುಕೊಳ್ಳಿ. ಒಂದೇ ಹಾಡಿನ ಲೈವ್, ರಿಮಿಕ್ಸ್ ರೂಪಗಳು ಬೇರೆ ಬೇರೆ ಎಂಬುದು ಅದರಿಂದಲೇ ತಿಳಿಯುತ್ತದೆ.

ಸಂಯೋಜನೆಯ ಹಕ್ಕುದಾರರನ್ನು ಹುಡುಕಲು ಹಕ್ಕುಸ್ವಾಮ್ಯ ಸಂಘಗಳ ವೆಬ್‌ಸೈಟ್ ನೋಡಿ. ಅಮೆರಿಕದ ಎಎಸ್‌ಸಿಎಪಿ, ಬಿಎಂಐ ಸಂಘಗಳ ಹುಡುಕು ಪುಟಗಳು ಎಲ್ಲರಿಗೂ ಉಚಿತವಾಗಿ ತೆರೆದಿವೆ. ಮೂವರು ಸೇರಿ ಬರೆದ ಹಾಡಾದರೆ ಮೂವರು ಪಬ್ಲಿಷರ್‌ಗಳೂ ಇರಬಹುದು. ಹಾಗಿದ್ದರೆ ಎಲ್ಲರ ಒಪ್ಪಿಗೆಯನ್ನೂ ಪಡೆಯಬೇಕು. ಕೆಲವು ಸಲ ಎರಡೂ ಹಕ್ಕು ಒಂದೇ ಕಂಪನಿ ಕೈಯಲ್ಲಿರುತ್ತವೆ. ಆಗ ಕೆಲಸ ಹಗುರ. ಆದರೂ ಅನುಮತಿ ಪತ್ರದಲ್ಲಿ ಎರಡನ್ನೂ ಹೆಸರಿಸಿ ಬರೆಸಿಕೊಳ್ಳಿ.

ಪತ್ರ ಹೀಗಿರಲಿ

ಲೇಬಲ್, ಪಬ್ಲಿಷರ್ ವೆಬ್‌ಸೈಟ್‌ಗಳಲ್ಲಿ ‘ಲೈಸೆನ್ಸಿಂಗ್’ ಅಥವಾ ‘ಸಿಂಕ್’ ಎಂಬ ವಿಭಾಗ ಇದ್ದರೆ ಅಲ್ಲಿಗೇ ಬರೆಯಿರಿ. ಅಭಿಮಾನಿ ಪತ್ರ ಬೇಡ. ಚಿಕ್ಕವಯಸ್ಸಿನಿಂದ ನಿಮ್ಮ ಹಾಡು ಕೇಳುತ್ತ ಬೆಳೆದೆ ಎಂಬುದು ಕೊನೆಯಲ್ಲಿ ಒಂದು ಸಾಲಿದ್ದರೆ ಸಾಕು. ಅವರಿಗೆ ಬೇಕಾಗಿರುವುದು ಇಂಥ ವಿವರ:

‘ನಿಮ್ಮ ಈ ಹಾಡಿನ 0:42ರಿಂದ 1:10ರವರೆಗಿನ 28 ಸೆಕೆಂಡ್ ಭಾಗವನ್ನು ಮೂರು ನಿಮಿಷದ ಪ್ರವಾಸದ ವಿಡಿಯೊ ಒಂದರ ಹಿನ್ನೆಲೆಗೆ ಬಳಸಲು ಅನುಮತಿ ಕೋರುತ್ತೇನೆ. ವಿಡಿಯೊ ಯೂಟ್ಯೂಬ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಎಲ್ಲ ದೇಶಗಳಲ್ಲೂ ಕಾಣುತ್ತದೆ. ಚಾನೆಲ್‌ಗೆ ಜಾಹೀರಾತಿನ ಆದಾಯ ಇದೆ, ಪ್ರಾಯೋಜಕರು ಇಲ್ಲ. ವಿಡಿಯೊ ಇರುವಷ್ಟು ಕಾಲಕ್ಕೂ ಅನುಮತಿ ಬೇಕು. ಚಾನೆಲ್ ಲಿಂಕ್, ಐಎಸ್‌ಆರ್‌ಸಿ ಕೆಳಗಿವೆ. ಶುಲ್ಕ ಮತ್ತು ಷರತ್ತು ತಿಳಿಸಿ.’

ಆದಾಯದ ವಿಷಯ ಮುಚ್ಚಿಡಬೇಡಿ. ಸುಳ್ಳು ಹೇಳಿ ಪಡೆದ ಅನುಮತಿ ನಾಳೆ ಕೆಲಸಕ್ಕೆ ಬರುವುದಿಲ್ಲ. ಉತ್ತರ ಬಾರದಿದ್ದರೆ ಒಂದೆರಡು ವಾರ ಬಿಟ್ಟು ನೆನಪಿಸಿ. ಆಮೇಲೂ ಉತ್ತರ ಇಲ್ಲವೇ? ಸುಮ್ಮನಿದ್ದರೆ ಒಪ್ಪಿದಂತೆ ಎಂದು ಮಾತ್ರ ತಿಳಿಯಬೇಡಿ. ಒಪ್ಪಿಗೆ ಬಂದರೆ ಯಾವ ವೇದಿಕೆ, ಯಾವ ದೇಶ, ಎಷ್ಟು ಕಾಲ ಎಂಬ ಮೂರನ್ನೂ ಲಿಖಿತದಲ್ಲಿ ನೋಡಿಕೊಳ್ಳಿ. ಒಬ್ಬರಿಗೆ ಜಾಸ್ತಿ ಕೊಟ್ಟರೆ ನಮಗೂ ಅಷ್ಟೇ ಕೊಡಬೇಕು ಎಂಬ ಷರತ್ತೂ ಇರಬಹುದು. ಹಾಗಾಗಿ ಲೇಬಲ್, ಪಬ್ಲಿಷರ್ ಇಬ್ಬರ ದರವೂ ತಿಳಿದ ಮೇಲೆಯೇ ಸಹಿ ಹಾಕಿ.

ನಿಜ ಹೇಳಬೇಕೆಂದರೆ, ಚಿಕ್ಕ ಚಾನೆಲ್‌ನವರು ದೊಡ್ಡ ಲೇಬಲ್ ಹಿಂದೆ ಬೀಳುವುದರಿಂದ ಹೆಚ್ಚು ಲಾಭ ಇಲ್ಲ. ತಾವೇ ಬರೆದು, ತಾವೇ ರೆಕಾರ್ಡ್ ಮಾಡುವ ಸ್ವತಂತ್ರ ಕಲಾವಿದರನ್ನು ಕೇಳಿ ನೋಡಿ. ಎರಡೂ ಹಕ್ಕು ಅವರ ಹತ್ತಿರವೇ ಇದ್ದರೆ ಒಂದೇ ಇಮೇಲ್‌ನಲ್ಲಿ ಕೆಲಸ ಮುಗಿಯಬಹುದು.

ಬೇರೆ ದಾರಿಗಳು

ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಇದೆ. ಕೆಲವು ಟ್ರ್ಯಾಕ್‌ಗಳಿಗೆ ಕ್ರೆಡಿಟ್ ಕೊಡುವುದು ಕಡ್ಡಾಯ. ‘ರಾಯಲ್ಟಿ ಫ್ರೀ’ ಎಂದರೆ ಪುಕ್ಕಟೆ ಅಂತಲ್ಲ. ಒಮ್ಮೆ ದುಡ್ಡು ಕೊಟ್ಟರೆ ಪ್ರತಿ ಬಳಕೆಗೂ ಮತ್ತೆ ಕೊಡಬೇಕಿಲ್ಲ ಅಂತ ಅಷ್ಟೇ. ಕ್ರಿಯೇಟಿವ್ ಕಾಮನ್ಸ್ ಸಂಗೀತ, ಅಂದರೆ ಕೆಲವು ಷರತ್ತುಗಳ ಮೇಲೆ ಯಾರು ಬೇಕಾದರೂ ಬಳಸಲಿ ಎಂದು ಒಡೆಯರೇ ಬಿಟ್ಟಿರುವ ಸಂಗೀತ ಆರಿಸುವಾಗ ಲೈಸೆನ್ಸ್ ಹೆಸರಿನ ಬಾಲ ನೋಡಿ. ‘ಎನ್‌ಸಿ’ ಇದ್ದರೆ ವಾಣಿಜ್ಯ ಬಳಕೆ ಇಲ್ಲ. ‘ಎನ್‌ಡಿ’ ಇದ್ದರೆ ವಿಡಿಯೊಗೇ ಬಳಸುವ ಹಾಗಿಲ್ಲ. ಸಂಗೀತವನ್ನು ಚಲಿಸುವ ದೃಶ್ಯಕ್ಕೆ ಹೊಂದಿಸುವುದನ್ನೇ ಆ ಲೈಸೆನ್ಸ್ ಬದಲಾವಣೆ ಎಂದು ಲೆಕ್ಕ ಹಾಕುತ್ತದೆ. ‘ಎಸ್‌ಎ’ ಇದ್ದರೆ ನಿಮ್ಮ ವಿಡಿಯೊವನ್ನೂ ಅದೇ ಷರತ್ತಿನಡಿ ಹಂಚಬೇಕು.

ರೀಲ್ಸ್‌ನ ಮ್ಯೂಸಿಕ್ ಪಟ್ಟಿಯಿಂದ ಆರಿಸಿದ ಹಾಡು ಆ ಆ್ಯಪ್‌ಗೆ ಮಾತ್ರ. ಅದೇ ವಿಡಿಯೊವನ್ನು ಇಳಿಸಿಕೊಂಡು ಬೇರೆ ಕಡೆ ಹಾಕಿದರೆ ಅನುಮತಿ ಜತೆಗೆ ಬರುವುದಿಲ್ಲ. ಬ್ರಾಂಡ್‌ಗಳ ಜಾಹೀರಾತಿಗಂತೂ ಆ ಪಟ್ಟಿಯನ್ನು ನಂಬಲೇಬೇಡಿ.

ಅನುಮತಿ ಇದ್ದರೂ ಕ್ಲೇಮ್ ಬಂದರೆ

ಇದು ಆಗುತ್ತಿರುತ್ತದೆ. ನಿಮಗೆ ಇಮೇಲ್‌ನಲ್ಲಿ ಸಿಕ್ಕ ಅನುಮತಿ ಕಂಟೆಂಟ್ ಐಡಿಗೆ ಗೊತ್ತಿಲ್ಲ, ಅಲ್ವಾ? ಅನುಮತಿ ಪಡೆಯುವಾಗಲೇ ನಿಮ್ಮ ಚಾನೆಲ್ಲನ್ನು ವಿನಾಯಿತಿ ಪಟ್ಟಿಗೆ ಸೇರಿಸಲು ಕೇಳಿಕೊಳ್ಳಿ. ಆದರೂ ಕ್ಲೇಮ್ ಬಂದರೆ ಗಾಬರಿ ಬೇಡ, ಕ್ಲೇಮ್ ಬೇರೆ, ಚಾನೆಲ್ ಮೇಲೆಯೇ ಬೀಳುವ ದಂಡನೆಯಾದ ಸ್ಟ್ರೈಕ್ ಬೇರೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಲೈಸೆನ್ಸ್ ವಿವರ ಕೊಟ್ಟು ಆಕ್ಷೇಪ ಸಲ್ಲಿಸಿ. ಉತ್ತರಿಸಲು ಹಕ್ಕುದಾರರಿಗೆ 30 ದಿನ ಇರುತ್ತದೆ. ಕ್ಲೇಮ್ ಬಂದ 5 ದಿನದೊಳಗೆ ಸಲ್ಲಿಸಿದರೆ ಮೊದಲ ದಿನದಿಂದಲೇ ಆದಾಯವನ್ನು ತೀರ್ಮಾನ ಆಗುವವರೆಗೆ ತೆಗೆದಿರಿಸಲಾಗುತ್ತದೆ. ಅನುಮತಿ ಇಲ್ಲದೆ ಆಕ್ಷೇಪ ಎತ್ತಿದರೆ ಮಾತ್ರ ಅದು ಸ್ಟ್ರೈಕ್‌ವರೆಗೂ ಹೋಗಬಹುದು. 90 ದಿನಗಳಲ್ಲಿ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗುವ ಅಪಾಯ ಇದೆ.

ಅನುಮತಿಗೆ ಕೊನೆಯ ದಿನಾಂಕ ಇದ್ದರೆ ಫೋನಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಅವಧಿ ಮುಗಿದ ಮೇಲೆ ನವೀಕರಿಸಲು ಮನಸ್ಸಿಲ್ಲದಿದ್ದರೂ ವಿಡಿಯೊ ತೆಗೆಯಲೇಬೇಕು ಅಂತಿಲ್ಲ. ಯೂಟ್ಯೂಬ್ ಸ್ಟುಡಿಯೊದ ಎಡಿಟರ್‌ನಲ್ಲೇ ಆಡಿಯೊ ಲೈಬ್ರರಿಯ ಬೇರೆ ಸಂಗೀತ ಕೂರಿಸಬಹುದು. ಆದರೆ ಮಾತು, ಸಂಗೀತ ಎರಡೂ ಒಟ್ಟಿಗೆ ಬರುವ ಕಡೆ ನಿಮ್ಮ ಮಾತೂ ಅಳಿಸಿಹೋಗಬಹುದು. ಸೇವ್ ಮಾಡುವ ಮುಂಚೆ ಆ ಭಾಗವನ್ನು ಒಮ್ಮೆ ಪೂರ್ತಿ ಕೇಳಿ.